ನಮ್ಮೂರ ಲೈಬ್ರರಿ ಇದ್ದ ಮನೆಗಳು

ಕೊಳ್ಳೇಗಾಲದ ಲೈಬ್ರರಿಗೆ ಹೊಸ ಕಟ್ಟಡವಾದಾಗ, ಅಲ್ಲಿನ ತರುಣ ಗ್ರಂಥಪಾಲಕರು ನನ್ನನ್ನು ಕರೆದು, "ಅಮ್ಮಾ, ಬರೋರಲ್ಲೆಲ್ಲ ನೀವೇ ಹಳಬರು. ಉದ್ಘಾಟನೆ ದಿನ ಲೈಬ್ರರಿ ಇತಿಹಾಸ ಸ್ವಲ್ಪ ಹೇಳ್ಬಿಡಿ" ಎಂದರು. ಖುಷಿಯಿಂದ ಒಪ್ಪಿಕೊಂಡೆ. ಮನೆಗೆ ಬಂದು ಯೋಚಿಸಿದರೆ, ಯಾರು ತೆರೆದರು, ಯಾಕೆ ತೆರೆದರು, ಒಂದೂ ನನಗೆ ತಿಳಿಯದು. ನನಗೆ ಗೊತ್ತಿದ್ದದ್ದು ನಾನು ಕೂತಿದ್ದ ಜಾಗ ಮಾತ್ರ.

ನಾನು ಹೊನ್ನೂರಿನಿಂದ ಮದುವೆಯಾಗಿ ಈ ಊರಿಗೆ ಬಂದವಳು. ನನ್ನ ಗಂಡ ಬಸ್ ಡ್ರೈವರ್. ಅವರ ಬಸ್ಸು ಸಂಜೆ ಗೋಪಿನಾಥಂ ಸೇರಿ, ರಾತ್ರಿ ಅಲ್ಲೇ ನಿಂತು, ಮರುದಿನ ಹೊರಡುತ್ತಿತ್ತು. ಮನೆಗೆ ಬಂದರೆ ಉಂಡು ಮಲಗುತ್ತಿದ್ದರು. ಕೆಟ್ಟವರಲ್ಲ, ದಣಿದವರು. ನಮಗೆ ಮಕ್ಕಳಾಗಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ದಿನ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

ಆಗ ಲೈಬ್ರರಿ ಇದ್ದದ್ದು ರೇಷ್ಮೆ ವ್ಯಾಪಾರಿಯೊಬ್ಬರ ಹಳೆಯ ಬಾಡಿಗೆ ಮನೆಯಲ್ಲಿ. ಹಿಂದಿನ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಗಾಳಿ ತಿರುಗಿದಾಗ ಒಳಗೆ ನುಗ್ಗುತ್ತಿತ್ತು. ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದೆ: ಉದ್ದನೆಯ ಮೇಜು, ಸುತ್ತಲೂ ಗಂಡಸರು, ಎಲ್ಲರ ಕೈಯಲ್ಲೂ ಪೇಪರು. ವಾಪಸು ತಿರುಗಿದೆ. ಆಗ ಗ್ರಂಥಪಾಲಕಿ ಎದ್ದು ಬಂದರು. ನನಗಿಂತ ಹದಿನೈದು ವರ್ಷ ದೊಡ್ಡವರಿರಬಹುದು. ಬಿಗಿಯಾದ ಜಡೆ, ನೂಲಿನ ಸೀರೆ. ಏನೂ ಕೇಳಲಿಲ್ಲ. ಗೋಡೆ ಬದಿಗಿದ್ದ ಬೆಂಚನ್ನು ತಾವೇ ಎಳೆದು ಕಿಟಕಿ ಹತ್ತಿರ ಹಾಕಿ, "ಇದು ಹೆಂಗಸ್ರಿಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಬೆಂಚಿನಲ್ಲಿ ಬಹಳ ವರ್ಷ ನಾನೊಬ್ಬಳೇ ಕೂತೆ.

ಸೋಮವಾರ ರಜೆ ಎಂದು ಬೋರ್ಡಿನಲ್ಲಿತ್ತು. ಒಂದು ಸೋಮವಾರ ಸಂತೆಯಿಂದ ಬರುವಾಗ ಬಾಗಿಲು ಅರ್ಧ ತೆಗೆದಿರುವುದು ಕಂಡಿತು. ಇಣುಕಿದೆ. ಗ್ರಂಥಪಾಲಕಿ ಮೇಡಂ ತಲೆಯಾಡಿಸಿ ಒಳಗೆ ಬಾ ಎಂದರು. ಆಮೇಲೆ ಪ್ರತಿ ಸೋಮವಾರವೂ ಹೋದೆ. ಗಂಡಸರಿಲ್ಲದ ಆ ಕೋಣೆಯಲ್ಲಿ ಅವರು ತಮ್ಮ ಮೇಜಿನಲ್ಲಿ, ನಾನು ನನ್ನ ಬೆಂಚಿನಲ್ಲಿ. ರಜೆ ದಿನವೂ ಇವರಿಗೆ ಬಿಡುವಿಲ್ಲದ ಕೆಲಸವಿರಬೇಕು, ತೊಂದರೆ ಕೊಡಬಾರದು ಎಂದು ನಾನು ಸದ್ದಾಗದಂತೆ ಪುಟ ತಿರುವುತ್ತಿದ್ದೆ.

ಬಾಡಿಗೆ ಮನೆಯನ್ನು ಮಾಲೀಕರು ಬಿಡಿಸಿಕೊಂಡರು. ಲೈಬ್ರರಿ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಗೆ ಹೋಯಿತು. ಮೆಟ್ಟಿಲು ಕಡಿದಾಗಿದ್ದವು, ಮುದುಕರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಆ ವರ್ಷವೇ ಮೇಡಂ ನಿವೃತ್ತರಾದರು. ಕೊನೆಯ ದಿನ ನನ್ನ ಬೆಂಚಿನ ಹತ್ತಿರ ಬಂದು ನಿಂತು, "ಬರ್ತೀನವ್ವ" ಎಂದರು. "ಆಗ್ಲಿ ಮೇಡಂ" ಎಂದೆ. ಅಷ್ಟೇ.

ಮುಂದೆ ನನ್ನ ಗಂಡ ತೀರಿಕೊಂಡರು. ನಾನು ಮೆಟ್ಟಿಲು ಹತ್ತುತ್ತಲೇ ಇದ್ದೆ.

ಭಾಷಣದ ನೆಪ ಸಿಕ್ಕಿದಾಗ ಮೊದಲು ನೆನಪಾದದ್ದು ಮೇಡಂ. ಅವರು ಯಳಂದೂರಿನಲ್ಲಿ ತಮ್ಮನ ಮಗನ ಜೊತೆ ಇದ್ದಾರೆಂದು ತರುಣ ಗ್ರಂಥಪಾಲಕರು ವಿಚಾರಿಸಿ ಹೇಳಿದರು. ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ ಮನೆ ಹುಡುಕಿದೆ. ಬಾಗಿಲು ತೆಗೆದವಳು ಆ ಮನೆಯ ಸೊಸೆ.

"ಲೈಬ್ರರಿಯಿಂದ ಬಂದ್ರಾ? ಅಯ್ಯೋ, ಅತ್ತೆಗೆ ಕಣ್ಣು ಕಾಣಾಕಿಲ್ಲ ಕಣಕ್ಕ. ಒಳಕ್ ಬನ್ನಿ" ಎಂದಳು.

ಮೇಡಂ ನಡುಮನೆಯ ಮಂಚದ ಮೇಲೆ ಕೂತಿದ್ದರು. ಬಿಳಿ ಕೂದಲು ಕತ್ತರಿಸಿದ್ದರು. ನಾನು ಯಾರೆಂದು ವಿವರಿಸಲು ಶುರು ಮಾಡಿದೆ.

"ಕಿಟಕಿ ತಾವ ಕುಂತ್ಕತಿದ್ದವ್ಳಲ್ವಾ? ಡ್ರೈವರ್ ಯೆಡ್ತಿ" ಎಂದರು.

ಹೌದೆಂದು ಮಂಚದ ಪಕ್ಕ ಕೂತೆ. ಇತಿಹಾಸದ ವಿಷಯ ಕೇಳಿದೆ. ಅವರು ಬರುವ ಮೊದಲು ಲೈಬ್ರರಿ ಎಂದರೆ ಶಾಲೆಯೊಂದರ ಹಿಂದಿನ ಕೋಣೆಯಂತೆ, ಎರಡು ಬೀರು, ಒಂದು ರೇಡಿಯೋ. ವಾರ್ತೆ ಕೇಳಲು ಬಂದವರೇ ಹೆಚ್ಚು, ಓದಲು ಬಂದವರು ಕಡಿಮೆ. ಅದೆಲ್ಲ ಹೇಳಿ ಮುಗಿದ ಮೇಲೆ ನಾನೇ ಕೇಳಿದೆ, "ರಜೆ ದಿನವೂ ಅಷ್ಟೊಂದು ಕೆಲಸ ಇರ್ತಿತ್ತಾ ಮೇಡಂ, ಸೋಮವಾರ?"

ಅವರು ನಕ್ಕರು. "ಕೆಲ್ಸ ಏನಿತ್ತು? ವಠಾರದ ರೂಮಲ್ಲಿ ಒಬ್ಳೇ ಕುಂತ್ಕಂಡು ಗೋಡೆ ನೋಡ್ಬೇಕಿತ್ತು. ಅದ್ಕೆ ಬಂದು ಬಾಗ್ಲು ತಗೀತಿದ್ದೆ. ನೀನು ಬತ್ತಿದ್ದೆ. ಸದ್ಯ, ಒಂದು ಜೀವ ಅದೆ ಅನ್ನಿಸ್ತಿತ್ತು."

"ಮತ್ತೆ ಮಾತಾಡಿಸ್ಲೇ ಇಲ್ಲ ನೀವು!"

"ನೀನು ಓದಕ್ಕೆ ಬತ್ತೀಯ ಅಂದ್ಕಂಡೆ ಕಣವ್ವ. ಯಾಕ್ ಸುಮ್ನೆ ಅಡ್ಡಿ ಮಾಡದು ಅಂತ."

ನಾನೂ ಹಾಗೆಯೇ ಅಂದುಕೊಂಡಿದ್ದೆ ಎಂದು ಹೇಳಿದೆ. ಸೊಸೆ ಕಾಫಿ ತಂದು, ಏನು ನಡೆಯಿತೆಂದು ತಿಳಿಯದೆ ಒಬ್ಬರ ನಂತರ ಒಬ್ಬರ ಮುಖ ನೋಡಿದಳು.

ಉದ್ಘಾಟನೆಗೆ ಅತಿಥಿಗಳು ತಡವಾಗಿ ಬಂದರು. ನನ್ನ ಸರದಿ ಬರುವ ಹೊತ್ತಿಗೆ ಜನ ಊಟದ ಶಾಮಿಯಾನದ ಕಡೆ ಹೊರಟಿದ್ದರು. ಶಾಲೆಯ ಕೋಣೆ, ರೇಷ್ಮೆ ವ್ಯಾಪಾರಿಯ ಮನೆ, ಪಾತ್ರೆ ಅಂಗಡಿಯ ಮಹಡಿ ಎಂದಷ್ಟೇ ಹೇಳಿದೆ. ಬೆಂಚು ಎಳೆದು ಹಾಕಿದ ಹೆಣ್ಣುಮಗಳೊಬ್ಬರಿದ್ದರು ಎಂದೂ ಹೇಳಿದೆ. ಸೋಮವಾರದ ಮಾತು ಹೇಳಲಿಲ್ಲ. ಅದನ್ನು ಮೈಕಿನಲ್ಲಿ ಹೇಳಲು ಮನಸ್ಸು ಬರಲಿಲ್ಲ.

ಆಮೇಲೆ ವಾರಕ್ಕೊಮ್ಮೆ ಯಳಂದೂರಿಗೆ ಹೋಗತೊಡಗಿದೆ. ಮೊದಲ ಸಲ ಓದಿ ಹೇಳೋಣವೆಂದು ಪುಸ್ತಕ ಒಯ್ದಿದ್ದೆ. "ಅದ ಎತ್ತಿಡು. ಇಷ್ಟು ವರ್ಸ ಓದಿದ್ದು ಸಾಲ್ದಾ? ಮಾತಾಡು" ಎಂದರು. ಮಾತಾಡಿದೆವು. ಸಾಂಬಾರಿಗೆ ಹುಣಸೆ ಎಷ್ಟು ಹಾಕಬೇಕು ಎಂಬುದರಿಂದ ಹಿಡಿದು, ಅವರಿಗೆ ಬಂದು ಮುರಿದುಹೋದ ಸಂಬಂಧದವರೆಗೆ. ನನ್ನ ಗಂಡ ತೀರಿಹೋದ ದಿನದ ಬಗ್ಗೆ ನಾನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರಿಗೇ. ಆಗ ಅವರು ತಡಕಾಡಿ ನನ್ನ ಮಂಡಿಯ ಮೇಲೆ ಕೈ ಇಟ್ಟರು.

ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ದಿನ ಹೋದರೆ ಬೀಗ. ತಮ್ಮನ ಮಗನಿಗೆ ಹಾಸನದ ಕಡೆ ವರ್ಗವಾಗಿ ಎಲ್ಲರೂ ಹೊರಟುಹೋಗಿದ್ದರು. ಪಕ್ಕದ ಮನೆಯಾಕೆ, "ಗಡಿಬಿಡೀಲಿ ಹೊಂಟೋದ್ರು ಕಣಕ್ಕ. ಅಜ್ಜಿ ನಿಮ್ಮನ್ನ ಕೇಳ್ತಿತ್ತು, ಬತ್ತಾಳಾ ಅಂತ" ಎಂದಳು. ಅವಳು ಕೊಟ್ಟ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದೆ. ಸೊಸೆ ಎತ್ತಿ ಅತ್ತೆಯ ಕಿವಿಗಿಟ್ಟಳು. ಮೇಡಂ "ಯಾರು? ಯಾರು?" ಎಂದರು. ನಾನು ಜೋರಾಗಿ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ನಾನು ಮತ್ತೆ ಹೇಳುವಷ್ಟರಲ್ಲಿ, "ಯಾರೂ ಇಲ್ಲ ಕಣವ್ವ ಇದ್ರಲ್ಲಿ" ಎಂದು ಫೋನು ವಾಪಸು ಕೊಟ್ಟದ್ದು ಕೇಳಿಸಿತು. ಲೈನು ಕಟ್ಟಾಯಿತು.

ಬಸ್ಸು ಹತ್ತಿದೆ. ಪಕ್ಕದಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಸ್ವಲ್ಪ ದೂರ ಸುಮ್ಮನಿದ್ದೆ. ಆಮೇಲೆ ತಿರುಗಿ, "ಯಾವೂರವ್ವ ನಿಮ್ದು?" ಎಂದೆ.

"ಮಾಂಬಳ್ಳಿ. ಬಂದೇ ಬುಡ್ತು ನೋಡಿ" ಎಂದು ಅವಳು ಚೀಲ ಎತ್ತಿಕೊಂಡು ಇಳಿದಳು.