ಸುಟ್ಟಗಾಯದ ವಾರ್ಡಿನ ಫೋಟೋ ಅಕ್ಕ

ಕಿಟಕಿಯಾಚೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸುಟ್ಟಗಾಯದ ವಾರ್ಡಿನ ಕೊನೆಯ ಕೋಣೆಯಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಹಸಿರು ಪರದೆ, ಉಕ್ಕಿನ ಟ್ರೇ, ಮೂಗಿಗೆ ಅಡರುವ ಔಷಧಿಯ ಘಾಟು. ಮಂಚಕ್ಕೆ ಒರಗಿ ಕೂತವಳ ಮುಖದಿಂದ ಹಿರಿಯ ನರ್ಸು ಬ್ಯಾಂಡೇಜನ್ನು ಸುತ್ತು ಸುತ್ತಾಗಿ ಬಿಚ್ಚುತ್ತಾರೆ. ಕಣ್ಣು, ಕಿವಿಗಳ ಮೇಲಿನದನ್ನು ಬಿಟ್ಟು ಉಳಿದದ್ದೆಲ್ಲ ಕಳಚುತ್ತದೆ. ಕಡೆಯ ಪದರ ಗಾಯಕ್ಕೆ ಅಂಟಿದೆ. ಅದನ್ನು ನೆನೆಸಿ ನೆನೆಸಿ ಎತ್ತಬೇಕು. ಹಸಿ ಗಾಯಕ್ಕೆ ಗಾಳಿ ತಾಗಿದ್ದೇ ತಡ, ಆಕೆ ಹಲ್ಲು ಕಚ್ಚುತ್ತಾಳೆ.

ಆಕೆ ಬೇಕರಿ ನಡೆಸುತ್ತಿದ್ದವಳು. ಒಲೆಯ ಬಾಗಿಲು ತೆಗೆದ ಗಳಿಗೆಯಲ್ಲಿ ಗ್ಯಾಸು ಭಗ್ಗೆಂದು ಮುಖಕ್ಕೆ ಹೊಡೆದಿದೆ. ಕಣ್ಣುಗಳು ಉಳಿದಿವೆ, ರೆಪ್ಪೆಗಳು ವಾಸಿಯಾಗುವ ತನಕ ಕಟ್ಟಿಡಬೇಕು ಎಂದಿದ್ದಾರೆ ಡಾಕ್ಟರು.

"ಬಾಮ್ಮ, ಬೇಗ ತೆಗಿ," ಅನ್ನುತ್ತಾರೆ ನರ್ಸು.

ಮೂಲೆಯಲ್ಲಿ ನಿಂತಿದ್ದ ಹೆಂಗಸು ಮುಂದೆ ಬರುತ್ತಾರೆ. ಐವತ್ತರ ಆಸುಪಾಸು, ಮುಖಕ್ಕೆ ಮಾಸ್ಕು, ಕೈಯಲ್ಲಿ ಅಂಚಿನ ಬಣ್ಣವೆಲ್ಲ ಸವೆದುಹೋದ ಡಿಎಸ್‌ಎಲ್‌ಆರ್ ಕ್ಯಾಮೆರಾ. ಬಣ್ಣದ ಚೌಕಗಳಿರುವ ಪುಟ್ಟ ಅಳತೆಪಟ್ಟಿಯನ್ನು ನರ್ಸಿಗೆ ಕೊಟ್ಟು ಕೆನ್ನೆಯ ಪಕ್ಕ ಹಿಡಿಸುತ್ತಾರೆ. ಎದುರಿನಿಂದ ಒಂದು. ಟಕ್. ಉಸಿರು ಕಟ್ಟಿ ಕೂತಿದ್ದ ಬೇಕರಿಯಾಕೆ ಉಸಿರು ಬಿಡುತ್ತಾಳೆ. ಎಡಗಡೆಯಿಂದ ಒಂದು. ಟಕ್. ಮತ್ತೆ ಉಸಿರು. ಇಬ್ಬರ ನಡುವೆ ಒಂದು ಮಾತೂ ಇಲ್ಲ.

ಬಲಗೆನ್ನೆಗೆ ಬಂದಾಗ ಕ್ಯಾಮೆರಾ ಕೈಕೊಡುತ್ತದೆ. ಇಂಥ ಕ್ಯಾಮೆರಾದ ಒಳಗೊಂದು ಚಿಕ್ಕ ಕನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಮೇಲಕ್ಕೆ ಹಾರಿ ಕೆಳಕ್ಕೆ ಬೀಳಬೇಕು. ಮೇಲೆ ಹೋದದ್ದು ಇಳಿಯಲಿಲ್ಲ. ಕಣ್ಣಿಟ್ಟರೆ ಬರೀ ಕತ್ತಲೆ. ಬ್ಯಾಟರಿ ತೆಗೆದು ಹಾಕುತ್ತಾರೆ, ಲೆನ್ಸ್ ಕಳಚಿ ಮತ್ತೆ ಕೂರಿಸುತ್ತಾರೆ. ಗಾಯ ಬಿಚ್ಚಿಕೊಂಡೇ ಇದೆ.

"ಆಯ್ತಾ?" ಕಚ್ಚಿದ ಹಲ್ಲಿನ ನಡುವಿನಿಂದ ಬೇಕರಿಯಾಕೆ ಕೇಳುತ್ತಾಳೆ.

"ಏನಮ್ಮಾ, ಅದನ್ನ ರಿಪೇರಿ ಮಾಡೋಕೆ ನಿಂಗೆ ಬೇರೆ ಹೊತ್ತು ಸಿಗ್ಲಿಲ್ವಾ?" ನರ್ಸು ರೇಗುತ್ತಾರೆ. "ಇವರು ಉರೀಲಿ ಒದ್ದಾಡ್ತಿದ್ದಾರೆ."

ಕಡೆಗೂ ಕನ್ನಡಿ ಇಳಿಯುತ್ತದೆ, ಫೋಟೋ ಬೀಳುತ್ತದೆ. ಫೋಟೋ ತೆಗೆದವರು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಈ ಹಳೆಯ ಕ್ಯಾಮೆರಾದ ಕಥೆ ಮುಗಿಯುತ್ತ ಬಂತು ಎಂದು ಅವರಿಗೆ ಗೊತ್ತು.

ಫೋಟೋ ಎಂದರೆ ಚಂದ ಕಾಣಬೇಕು ಎಂದು ತಿಳಿದವರಿಗೆ ಈ ಕೆಲಸ ತಲೆಗೆ ಹೋಗುವುದಿಲ್ಲ. ಇಲ್ಲಿ ಯಾರೂ ನಗುವುದಿಲ್ಲ, ಯಾರ ಫೋಟೋವೂ ಗೋಡೆಗೇರುವುದಿಲ್ಲ. ಬ್ಯಾಂಡೇಜು ಬಿಚ್ಚಿದ ದಿನವೆಲ್ಲ ಅದೇ ದೂರ, ಅದೇ ಬೆಳಕು, ಅದೇ ಕೋನ. ಡಾಕ್ಟರು ಹಿಂದಿನದನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು ಕೆಂಪು ಎಷ್ಟು ಇಳಿದಿದೆ, ಚರ್ಮ ತಾನಾಗಿ ಬರುತ್ತದೋ ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕೋ ಎಂದು ತೀರ್ಮಾನಿಸುತ್ತಾರೆ. ಆಸ್ಪತ್ರೆಯ ಜಾಹೀರಾತಿನಲ್ಲಿ ಯಂತ್ರಗಳ ಚಿತ್ರವಿದೆ, ಡಾಕ್ಟರುಗಳ ಚಿತ್ರವಿದೆ. ಈ ಹೆಂಗಸಿನ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ವಾರ್ಡಿನವರಿಗೆ ಅವರು 'ಫೋಟೋ ಅಕ್ಕ', ಅಷ್ಟೆ.

ಫೋಟೋ ಅಕ್ಕನ ಮಾತು ತೊದಲುತ್ತದೆ. ಮನೆಯವರೊಂದಿಗೆ ಹೇಗೋ ನಡೆಯುತ್ತದೆ. ಹೊರಗಿನವರು ಎದುರಾದರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರು ಹೇಳಿದ್ದನ್ನು ಇಲ್ಲಿ ಬಹುಮಟ್ಟಿಗೆ ನೆಟ್ಟಗೆ ಬರೆದಿದೆ. ಆಡುವಾಗ ಅದು ಹಾಗೆ ಬರುವುದಿಲ್ಲ, ಕೇಳುವವರಿಗೆ ತಾಳ್ಮೆ ಬೇಕು. ಶಾಲೆಯಲ್ಲಿ ಮೇಷ್ಟ್ರು ಅವರನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸುತ್ತಿದ್ದರಂತೆ, ತರಗತಿಗೆಲ್ಲ ನಗು ಬರಲಿ ಅಂತ. ನಾಚಿಕೆಯಾಗಬೇಕಿದ್ದದ್ದು ಆ ಮನುಷ್ಯನಿಗೆ. ತಲೆ ತಗ್ಗಿಸಿದ್ದು ಮಾತ್ರ ಹುಡುಗಿ.

ಅಪ್ಪನಿಗೆ ಸ್ಟುಡಿಯೋ ಇತ್ತು. ಗಿರಾಕಿಗಳನ್ನು ಮಾತಾಡಿಸಿ ನಗಿಸುತ್ತಿದ್ದದ್ದು ಅಪ್ಪ, ಆಮೇಲೆ ತಮ್ಮ. ಮಗಳಿಗೆ ಒಳಗಿನ ಕತ್ತಲೆ ಕೋಣೆ.

"ಅಲ್ಲಿ ಯಾರೂ ಏನೂ ಕೇಳ್ತಿರ್ಲಿಲ್ಲ," ಎಂದು ಅವರು ನೆನೆಯುತ್ತಾರೆ. "ಆಸ್ಪತ್ರೆ ಕೆಲಸಾನೂ ಅದಕ್ಕೇ ಹಿಡಿಸ್ತು. 'ನಗಿ' ಅನ್ಬೇಕಾಗಿಲ್ಲ, 'ಈ ಕಡೆ ನೋಡಿ' ಅನ್ಬೇಕಾಗಿಲ್ಲ. ನರ್ಸು ಎಲ್ಲಾ ಹೇಳ್ತಾರೆ. ನಾನು ಹೋಗೋದು, ತೆಗೆಯೋದು, ಬರೋದು."

ಸ್ಟುಡಿಯೋ ಈಗ ತಮ್ಮನದು. ಅವನು ಮಿರರ್‌ಲೆಸ್ ಕ್ಯಾಮೆರಾಗೆ ಬದಲಾಗಿ ವರ್ಷಗಳೇ ಆದವು. ಕನ್ನಡಿ ಸಿಕ್ಕಿಕೊಂಡ ಸುದ್ದಿ ಕೇಳಿ ಅವನಿಗೆ ಒಳಗೊಳಗೇ ಖುಷಿ.

"ಎಷ್ಟು ಸಲ ಬಡ್ಕೊಂಡೆ ಅಕ್ಕ ನಿಂಗೆ? ಕುಟ್ಟಾಣಿ ಹಿಡ್ಕೊಂಡು ತಿರುಗ್ತೀಯ. ತಗೋ, ಇದರಲ್ಲಿ ಕನ್ನಡೀನೇ ಇಲ್ಲ. ಇಲ್ಲದೇ ಇರೋದು ಎಲ್ಲಿಂದ ಸಿಕ್ಕಾಕ್ಕೊಳ್ಳುತ್ತೆ?"

ಅಕ್ಕ ಕಣ್ಣಿಟ್ಟು ನೋಡುತ್ತಾರೆ. ಎದುರಿನ ಗೋಡೆಯ ಬದಲು ಗೋಡೆಯ ಪುಟ್ಟ ಚಿತ್ರ ಕಾಣುತ್ತದೆ.

"ಟೀವಿ ನೋಡ್ದಂಗಿದೆ ಕಣೋ."

"ಎರಡು ದಿನ ಟೀವಿ ಥರ ಇರುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಸದ್ದು ಬೇಡ ಅಂದ್ರೆ ಪೂರ್ತಿ ನಿಲ್ಲಿಸ್ಬಹುದು, ನೋಡು. ಭಾಷಣ ನಡೀವಾಗ ನಾನು ಪಕ್ಕದಲ್ಲೇ ನಿಂತು ತೆಗೀತೀನಿ, ಒಬ್ಬರೂ ತಿರುಗಿ ನೋಡಲ್ಲ."

ಆ ಮಾತು ಅಕ್ಕನ ಮನಸ್ಸಿಗೆ ನಾಟುತ್ತದೆ. ನೋವಲ್ಲಿ ಬೆಂದವರ ಮುಖದೆದುರು ಪ್ರತಿ ಸಲ ಟಕ್ ಅನ್ನಿಸುವುದು ಅವರಿಗೆ ಯಾವತ್ತೂ ಇಷ್ಟವಾಗಿರಲಿಲ್ಲ. ಸದ್ದು ಇಲ್ಲದಿದ್ದರೆ ಅಷ್ಟು ನೆಮ್ಮದಿ ಎಂದುಕೊಂಡು, ತಾವೇ ಕೈಯಾರೆ ಅದನ್ನು ನಿಲ್ಲಿಸಿ, ತಮ್ಮನ ಕ್ಯಾಮೆರಾವನ್ನು ವಾರ್ಡಿಗೆ ಒಯ್ಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ತಪ್ಪಾದದ್ದು ಅಲ್ಲೇ.

ಅವತ್ತು ಬ್ಯಾಂಡೇಜು ಬಿಚ್ಚುತ್ತಲೇ ಬೇಕರಿಯಾಕೆ ಎಂದಿನಂತೆ ಉಸಿರು ಕಟ್ಟುತ್ತಾಳೆ. ಅಕ್ಕ ಎದುರಿನಿಂದ ತೆಗೆಯುತ್ತಾರೆ, ಎಡದಿಂದ, ಬಲದಿಂದ. ಕ್ಯಾಮೆರಾ ಎಲ್ಲೂ ತಡವರಿಸುವುದಿಲ್ಲ. ಬೇಕರಿಯಾಕೆ ಮಾತ್ರ ಕಟ್ಟಿದ ಉಸಿರನ್ನು ಬಿಟ್ಟೇ ಇಲ್ಲ. ತಡೆಯಲಾರದೆ ಒಮ್ಮೆ ಬಿಕ್ಕಿದಂತೆ ಬಿಟ್ಟು, ಮತ್ತೆ ಎಳೆದು ಹಿಡಿದು ಕೂರುತ್ತಾಳೆ. ನರ್ಸು ಹೊಸ ಬ್ಯಾಂಡೇಜಿಗೆ ಕೈ ಹಾಕುತ್ತಾರೆ.

"ಫೋಟೋ ಇನ್ನೂ ತೆಗೀಲೇ ಇಲ್ವಲ್ಲ," ಅನ್ನುತ್ತಾಳೆ ಬೇಕರಿಯಾಕೆ.

"ಎಲ್ಲಾ ಮುಗೀತಮ್ಮ. ಹೊಸ ಕ್ಯಾಮೆರಾ. ಸದ್ದೇ ಬರಲ್ಲ."

ಬೇಕರಿಯಾಕೆ ಹಿಡಿದಿಟ್ಟ ಉಸಿರನ್ನು ಬಿಡುತ್ತಾಳೆ.

"ಎಷ್ಟು ತೆಗೆದ್ರು?"

"ಯಾವಾಗ್ಲೂ ತೆಗೆಯೋಷ್ಟೇ."

"ಅದನ್ನ ನಾನು ಹೇಗೆ ನಂಬೋದು? ಈ ಮುಖ ನಾನೇ ಇನ್ನೂ ನೋಡಿಲ್ಲ ಸಿಸ್ಟರ್. ಬಂದೋರು ಹೋದೋರೆಲ್ಲ ನೋಡ್ತಾರೆ. ಯಾವಾಗ ತೆಗೀತಾರೆ ಅನ್ನೋದಾದ್ರೂ ನಂಗೆ ಗೊತ್ತಾಗ್ಬೇಡ್ವಾ? ಸಾಕು. ಇನ್ಮೇಲೆ ನನ್ನ ಫೋಟೋ ತೆಗೀಬೇಡಿ."

ಅಕ್ಕನಿಗೆ ಹೇಳಬೇಕಾದದ್ದು ಒಂದೇ ಮಾತು. 'ತಪ್ಪಾಯ್ತು.' ಆ 'ತ' ನಾಲಿಗೆಯಲ್ಲಿ ಹೂತುಹೋಗುತ್ತದೆ. ಅವರು ಹೊರಗೆ ಬಂದುಬಿಡುತ್ತಾರೆ.

ಇತ್ತ ಡಾಕ್ಟರದ್ದು ಬೇರೆಯೇ ತಲೆನೋವು. ಕಂಪ್ಯೂಟರಿನಲ್ಲಿ ಹಳೆಯ ಕ್ಯಾಮೆರಾದ ಚಿತ್ರವನ್ನೂ ಹೊಸತರ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಕನನ್ನು ಕರೆಯುತ್ತಾರೆ. ಬಲಗೆನ್ನೆಯ ಕೆಂಪು ಇಳಿದಂತೆ ಕಾಣುತ್ತಿದೆ.

"ಗಾಯ ಮಾಗಿದ್ಯೋ, ಕ್ಯಾಮೆರಾ ಬಣ್ಣ ತೋರಿಸೋ ರೀತಿ ಬೇರೆಯೋ, ಹೇಳೋಕಾಗ್ತಿಲ್ಲಮ್ಮ. ಬಣ್ಣದ ಪಟ್ಟಿ ಇಟ್ಕೊಂಡು ಸರಿಮಾಡಿದ್ರೂ ಅನುಮಾನ ಹೋಗ್ತಿಲ್ಲ. ಒಂದ್ಸಲ, ಒಂದೇ ದಿನ, ಎರಡು ಕ್ಯಾಮೆರಾದಲ್ಲೂ ತೆಗೀಬೇಕು. ಆವಾಗ ಯಾವ್ದು ಎಷ್ಟು ಕೆಂಪು ತೋರಿಸುತ್ತೆ ಅಂತ ಗೊತ್ತಾಗುತ್ತೆ. ಅದಿಲ್ಲದೆ ನಾನು ಕಸಿ ಮಾಡ್ಬೇಕಾ ಬೇಡ್ವಾ ಅಂತ ಹೇಳಲ್ಲ. ಹೊಸದು ಆಸ್ಪತ್ರೆ ಕೊಡಿಸುತ್ತೆ. ಬೇಕಾ ಬೇಡ್ವಾ ನೀವು ಹೇಳಿ. ಕೈಯಲ್ಲಿ ಹಿಡಿಯೋರು ನೀವು."

ಬೇಕು ಅಂದರೆ ಒಂದು ಕಷ್ಟ, ಬೇಡ ಅಂದರೆ ಇನ್ನೊಂದು. ಹಳೆಯದು ಯಾವ ಹೊತ್ತಿನಲ್ಲಿ ಮತ್ತೆ ಸಿಕ್ಕಿಕೊಂಡು ಯಾರ ಗಾಯವನ್ನು ತೆರೆದಿಡುತ್ತದೋ ಹೇಳಲಾಗದು. ಹೊಸದಕ್ಕೆ ಬಾಯಿಲ್ಲ. ತಮ್ಮ ಅದರ ಸದ್ದನ್ನು ಹಾಕಿಕೊಡುತ್ತಾನೆ. ಬೆರಳಿನ ನೆಟಿಗೆ ತೆಗೆದಷ್ಟು ಸಣ್ಣ ಸದ್ದು. ಬ್ಯಾಂಡೇಜು ಸುತ್ತಿದ ಕಿವಿಗೆ ಅದೆಲ್ಲಿ ಕೇಳಬೇಕು?

"ಬೀಪ್ ಅನ್ನೋ ಥರ ಮಾಡ್ಕೊಡ್ಲಾ?" ಕೇಳುತ್ತಾನೆ ತಮ್ಮ.

"ಆ ವಾರ್ಡಲ್ಲಿ ಇರೋ ಮಷೀನೆಲ್ಲ ಬೀಪ್ ಅನ್ನುತ್ತೆ. ಯಾವ್ದು ನಂದು ಅಂತ ಹೇಗೆ ಗೊತ್ತಾಗುತ್ತೆ ಅವರಿಗೆ?"

ಅಕ್ಕನ ಮುಖವನ್ನೇ ನೋಡುತ್ತಾನೆ ತಮ್ಮ. ಉಳಿದಿರುವ ದಾರಿ ಯಾವುದೆಂದು ಅವನಿಗೂ ಹೊಳೆದಿದೆ, ಆದರೆ ಅಕ್ಕನೆದುರು ಅದನ್ನು ಬಾಯಿಬಿಟ್ಟು ಹೇಳುವಷ್ಟು ಒರಟ ಅವನಲ್ಲ. ಅಕ್ಕನೇ ಹೇಳುತ್ತಾರೆ:

"ಇಷ್ಟು ವರ್ಷ ಕ್ಯಾಮೆರಾ ಮಾತಾಡ್ತಿತ್ತು, ನಾನು ಅದರ ಹಿಂದೆ ಅವಿತ್ಕೊಂಡಿದ್ದೆ. ನಂಗೆ ಅದು ಗೊತ್ತೇ ಆಗಿರ್ಲಿಲ್ಲ ಕಣೋ."

ಮಧ್ಯಾಹ್ನ, ವಾರ್ಡು ತಣ್ಣಗಿರುವ ಹೊತ್ತಿನಲ್ಲಿ, ಅವರು ಬರಿಗೈಯಲ್ಲಿ ಹೋಗಿ ಬೇಕರಿಯಾಕೆಯ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

"ನಾ... ನಾನು. ಫೋಟೋ ತೆ... ತೆಗೆಯೋಳು."

ಬ್ಯಾಂಡೇಜು ಸುತ್ತಿದ ತಲೆ ನಿಧಾನಕ್ಕೆ ಇತ್ತ ತಿರುಗುತ್ತದೆ. "ನೀವು ಮಾತಾಡ್ತೀರಾ? ಬಾಯಿ ಬರಲ್ಲ ಅಂದ್ಕೊಂಡಿದ್ದೆ."

"ಬರುತ್ತೆ. ಹಿ... ಹಿಂಗೆ ಬರುತ್ತೆ."

ಹೇಳಬೇಕಾದದ್ದನ್ನೆಲ್ಲ ಅವರು ಹೇಳುತ್ತಾರೆ. ಬಹಳ ಹೊತ್ತು ಹಿಡಿಯುತ್ತದೆ. ಸದ್ದು ನಿಲ್ಲಿಸಿದ್ದು ನಾನೇ, ಒಳ್ಳೆಯದಾಗಲಿ ಅಂತ ಮಾಡಿದೆ, ನಿಮ್ಮನ್ನು ಕೇಳಲಿಲ್ಲ, ಅದು ತಪ್ಪು. ಈಗ ಎರಡು ಕ್ಯಾಮೆರಾದಲ್ಲೂ ತೆಗೆಯಬೇಕಾಗಿದೆ. ಗಾಯ ಎಂದಿಗಿಂತ ಹೆಚ್ಚು ಹೊತ್ತು ತೆರೆದಿರುತ್ತದೆ, ಉರಿ ಜಾಸ್ತಿ. ಬೇಡ ಅಂದರೆ ಬೇಡ.

ಬೇಕರಿಯಾಕೆ ಬೇರೆಯದನ್ನೇ ಕೇಳುತ್ತಾಳೆ.

"ನನ್ನ ಮುಖ ಹೇಗಿದೆ? ಡಾಕ್ಟ್ರು 'ಪರವಾಗಿಲ್ಲ' ಅಂತಾರೆ. ನಮ್ಮನೆಯವರು 'ಚೆನ್ನಾಗೇ ಇದೆ' ಅಂತಾರೆ, ದನಿ ನಡುಗ್ತಿರುತ್ತೆ. ನೀವು ಹತ್ರದಿಂದ ನೋಡಿದ್ದೀರಿ. ನಿಜ ಹೇಳಿ."

"ಎಡಗಡೆ ಹೊಸ ಚರ್ಮ ಬಂದಿದೆ. ಗು... ಗುಲಾಬಿ ಬಣ್ಣ. ಮೂಗು ಸರಿಯಾಗಿದೆ. ಬಲಗೆನ್ನೆ ಇನ್ನೂ ಹಸಿ. ದವಡೆ ಹತ್ರ ಕ... ಕೆಟ್ಟದಾಗಿದೆ. ಕಲೆ ಉಳಿಯುತ್ತೆ."

ಬೇಕರಿಯಾಕೆಯ ಕೈ ಹೊದಿಕೆಯ ಅಂಚನ್ನು ಮುದುರಿ ಮುದುರಿ ಬಿಡುತ್ತದೆ. "ಒಬ್ರಾದ್ರೂ ಹೇಳಿದ್ರಲ್ಲ," ಅನ್ನುತ್ತಾಳೆ ಕಡೆಗೆ. "ತೆಗೀರಿ. ಆದ್ರೆ ಪ್ರತಿ ಸಲ ಹೇಳಿ ತೆಗೀಬೇಕು. ನರ್ಸು ಹೇಳೋದಲ್ಲ, ನೀವು."

ಮುಂದಿನ ಡ್ರೆಸ್ಸಿಂಗಿನ ಬೆಳಗ್ಗೆ ಟ್ರಾಲಿಯ ಮೇಲೆ ಎರಡು ಕ್ಯಾಮೆರಾ. ಹಳೆಯದು ಆವತ್ತು ಒಂದು ಸಲವೂ ಸಿಕ್ಕಿಕೊಳ್ಳದೆ ಟಕ್ ಟಕ್ ಎನ್ನುತ್ತ ತನ್ನ ಪಾಲಿನದನ್ನು ಮುಗಿಸುತ್ತದೆ. ಅಷ್ಟರಲ್ಲೇ ಬೇಕರಿಯಾಕೆಯ ಕೊರಳ ನರಗಳು ಉಬ್ಬಿವೆ. ಹೊಸದನ್ನು ಎತ್ತಿಕೊಂಡ ಅಕ್ಕ ಬಾಯಿ ತೆರೆಯುತ್ತಾರೆ.

"ಎ... ಎದುರಿನಿಂದ. ತೆ... ತೆ..."

ಮಾತು ಅಲ್ಲೇ ನಿಲ್ಲುತ್ತದೆ. ಮಾಸ್ಕಿನ ಮೇಲೆ ಅವರ ಹಣೆ ಬೆವರಿದೆ. ನರ್ಸಿಗೆ ತಡೆಯಲಾಗುವುದಿಲ್ಲ. "ತೆಗೀತಿದ್ದಾರಮ್ಮ, ಅಲ್ಲಾಡ್ಬೇಡಿ—"

"ನೀವು ಸುಮ್ನಿರಿ ಸಿಸ್ಟರ್," ಅನ್ನುತ್ತಾಳೆ ಬೇಕರಿಯಾಕೆ, ತುಟಿ ಅಲ್ಲಾಡದ ಹಾಗೆ. "ಅಕ್ಕ, ನಿಧಾನಕ್ಕೆ ಹೇಳಿ. ನಾನೇನು ಎದ್ದು ಓಡಿಹೋಗ್ತೀನಾ?"

ನರ್ಸು ನಕ್ಕುಬಿಡುತ್ತಾರೆ. ಅಕ್ಕ ಒಂದು ಉಸಿರು ಎಳೆದುಕೊಂಡು ಆ ಮಾತನ್ನು ಪೂರ್ತಿ ಮಾಡುತ್ತಾರೆ. ತೆಗೆಯುತ್ತಾರೆ. "ಆಯ್ತು," ಅನ್ನುತ್ತಾರೆ. ಬೇಕರಿಯಾಕೆ ಉಸಿರು ಬಿಡುತ್ತಾಳೆ. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಪ್ರತಿ ಸಲವೂ ತೊದಲು, ಪ್ರತಿ ಸಲವೂ ಮಾತು ಪೂರ್ತಿ. ಗಾಯ ಉರಿಯುತ್ತಲೇ ಇರುತ್ತದೆ, ಆಕೆ ಕಾಯುತ್ತಲೇ ಇರುತ್ತಾಳೆ.

ಎರಡರ ಚಿತ್ರಗಳನ್ನೂ ಹೋಲಿಸಿದ ಮೇಲೆ ಡಾಕ್ಟರ ಅನುಮಾನ ಹರಿಯುತ್ತದೆ. ಕೆಂಪು ನಿಜಕ್ಕೂ ಇಳಿದಿದೆ, ಆದರೆ ಹೊಸ ಕ್ಯಾಮೆರಾ ತೋರಿಸಿದಷ್ಟಲ್ಲ. ಕೆನ್ನೆಯ ಮೇಲ್ಭಾಗ ತಾನಾಗಿ ಬರುತ್ತದೆ, ದವಡೆಯ ಅಂಚಿಗೆ ಕಸಿ ಬೇಕು. ಬರೀ ಹೊಸ ಚಿತ್ರವನ್ನು ನಂಬಿದ್ದರೆ ಆ ಅಂಚನ್ನು ಇನ್ನಷ್ಟು ದಿನ ಹಾಗೇ ಬಿಟ್ಟುಬಿಡುತ್ತಿದ್ದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಬೇಕರಿಯಾಕೆಯನ್ನು ಕಸಿಗೆ ಒಯ್ಯುವ ದಿನ ಗೊತ್ತಾಗಿದೆ.

ಫೋಟೋ ಅಕ್ಕ ಹೊಸ ಕ್ಯಾಮೆರಾಗೆ ಹೂಂ ಅಂದಿದ್ದಾರೆ. ಬೇರೆ ರೋಗಿಗಳಿಗೂ ಈಗ ಹೇಳಿಯೇ ತೆಗೆಯುತ್ತಾರೆ. ಕೆಲವರು ಕಾಯುತ್ತಾರೆ, ಕೆಲವರು 'ಬೇಗ ಹೇಳ್ರೀ' ಎಂದು ಸಿಡುಕುತ್ತಾರೆ. ಸಿಡುಕಿದವರಿಗೂ ಅವರು ಮಾತನ್ನು ಅರ್ಧಕ್ಕೆ ಬಿಡುವುದಿಲ್ಲ.

ಬೇಕರಿಯಾಕೆಯ ಕಣ್ಣಿನ ಪಟ್ಟಿ ತೆಗೆಯುವ ದಿನ ನೀವು ಅಲ್ಲಿರುತ್ತೀರಾ ಎಂದು ಕೇಳಿದರೆ ಅಕ್ಕ ತಲೆ ಅಲ್ಲಾಡಿಸುತ್ತಾರೆ.

"ಇಲ್ಲ. ಆವತ್ತು ನಂಗೇನು ಕೆಲ್ಸ? ಆಕೆ ಮೊದ್ಲು ನೋಡ್ಬೇಕಾದ್ದು ಮನೆಯವರ ಮುಖ. ಆಮೇಲೆ ಯಾವಾಗಾದ್ರೂ ಕಾರಿಡಾರಲ್ಲಿ ಎದುರಾದ್ರೆ ಆಕೆಗೆ ನನ್ನ ಗುರುತು ಸಿಗಲ್ಲ, ನನ್ನ ಮುಖ ನೋಡೇ ಇಲ್ವಲ್ಲ." ಮೊದಲ ಅಕ್ಷರ ಸಿಗುವ ತನಕ ಕಾದು, ಹೇಳುತ್ತಾರೆ: "ನಾ... ನಾನೇ ಮಾತಾಡಿಸ್ತೀನಿ."