ಸುದ್ದಿ ಹೇಳುವ ಆವಲಪ್ಪ

ಅಬ್ಬಿಗೆರೆಯ ಆವಲಪ್ಪನ ಹೊಟ್ಟೆಪಾಡು ಒಂದು ಸಣ್ಣ ಕಾರ್ಖಾನೆಯ ಲೇತ್ ಮೆಷಿನ್ನಿನ ಮುಂದೆ ನಡೆಯುತ್ತಿತ್ತು. ಆದರೆ ನೆಂಟರ ಬಾಯಲ್ಲಿ ಅವನು ಸಾವಿನ ಸುದ್ದಿ ಹೇಳುವ ಆವಲಪ್ಪ. ಬಳಗದಲ್ಲಿ ಯಾರು ಕಣ್ಣು ಮುಚ್ಚಿದರೂ ಅವನೇ ಸೈಕಲ್ ಹತ್ತಿ ಹೊರಡಬೇಕು. ಪಕ್ಕದ ಸಿಂಗಾಪುರ ಹಳ್ಳಿಯೋ ಯಲಹಂಕವೋ, ಬಾಗಿಲಾಚೆಯೇ ನಿಂತು ಮನೆಯ ಹಿರಿಯರನ್ನು ಕರೆಯಬೇಕು, ಒಂದೇ ಮಾತಲ್ಲಿ ಹೇಳಬೇಕು, ಅವರು ಸಾವರಿಸಿಕೊಳ್ಳುವವರೆಗೂ ಇದ್ದು ಮುಂದಿನ ಮನೆಗೆ ಹೋಗಬೇಕು. ಇದೇನು ಮಹಾ ಕೆಲಸ ಅನ್ನುವವರು ಒಂದು ಸಲ ಮಾಡಿ ನೋಡಲಿ. ಅವನ ಸೈಕಲ್ ಬೀದಿ ತಿರುವಿನಲ್ಲಿ ಕಂಡರೆ ಸಾಕು, ಕೆಲವರು ಎದೆ ಹಿಡಿದುಕೊಳ್ಳುತ್ತಿದ್ದರು. ಪಾಪ, ಎಷ್ಟೋ ಸಲ ಅವನು ಬಂದಿರುತ್ತಿದ್ದದ್ದು ಅವರೆಕಾಯಿ ಕೊಟ್ಟುಹೋಗುವುದಕ್ಕೆ.

ಆಮೇಲೆ ಬಳಗದ ವಾಟ್ಸಾಪ್ ಗ್ರೂಪು ಹುಟ್ಟಿತು. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆಯೇ ಸಾವೂ ಬರತೊಡಗಿತು. ಆವಲಪ್ಪನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ. ಅವನಿಗೆ ಅದರಿಂದ ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಹಾಯೆನಿಸಿತು.

2017ರ ಕಾರ್ತಿಕದ ಒಂದು ಬೆಳಗ್ಗೆ ಅವನ ಹೆಂಡತಿ ಮುನಿಕೆಂಪಮ್ಮ ಕಾಫಿ ಕೇಳಿದಳು, ಕಾಫಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮಗ ಮುನೇಶ ಅಮ್ಮನ ಫೋಟೊ ಹಾಕಿ ಗ್ರೂಪಿಗೆ ಬರೆದ. ಅರ್ಧ ಗಂಟೆಯಲ್ಲಿ ಎಂಬತ್ತು ಜನ ಕೈಮುಗಿದ ಚಿತ್ರ ಹಾಕಿದರು. ಹತ್ತು ಗಂಟೆಗೆಲ್ಲ ಮನೆಯ ಮುಂದೆ ಶಾಮಿಯಾನ ತುಂಬಿತು. ಬಾರದವನು ಒಬ್ಬನೇ, ಅವಳ ತಮ್ಮ ಮುನಿವೆಂಕಟಯ್ಯ. ಇರುವುದು ಪಕ್ಕದ ಸಿಂಗಾಪುರದಲ್ಲಿ.

ಇವರಲ್ಲಿ ಹೆಣ್ಣು ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವಂತಿಲ್ಲ. ಆ ಸೀರೆ ತರಬೇಕಾದವನು ತಮ್ಮನೇ. ಹನ್ನೆರಡಾಯಿತು.

"ಬೆಳಗ್ಗೆ ಏಳಕ್ಕೇ ಮೆಸೇಜ್ ನೋಡವ್ರೆ ಅಪ್ಪ. ಫೋನ್ ಮಾಡಿದ್ರೆ ಎತ್ತಲ್ಲ," ಅಂದ ಮುನೇಶ.

"ಬರ್ದೆ ಇರೋರ್ಗೆ ಎಷ್ಟೊತ್ತು ಅಂತ ಕಾಯೋದು? ಇಲ್ಲೇ ಅಂಗಡೀಲಿ ಒಂದು ಸೀರೆ ತರ್ಸೋಣ," ಅಂದ ದಾಯಾದಿ ಶ್ರೀರಾಮಪ್ಪ.

"ತಮ್ಮ ಇರೋಳ್ನ ದಿಕ್ಕಿಲ್ದೋಳ ಅಂಗೆ ಕಳ್ಸಲ್ಲ," ಎಂದು ಆವಲಪ್ಪ ಎದ್ದ. ಗಂಡ ಹೀಗೆ ಹೆಣದ ಪಕ್ಕದಿಂದ ಏಳಬಾರದು ಅಂತ ಯಾರೋ ಅಂದರು. ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಯಾಗಿತ್ತು.

ಮಗನ ಸ್ಕೂಟರಿನಲ್ಲಿ ಕೂತು ಹೋಗುವಾಗ ದಾರಿಯುದ್ದಕ್ಕೂ ಅವನು ಬಾಮೈದನಿಗೆ ಬೈಗುಳ ಕೂಡಿಸಿಕೊಂಡ. ಯಾವ ಹಳೇ ಮುನಿಸು ಇಟ್ಟುಕೊಂಡು ಕೂತಿದ್ದಾನೋ, ಇವತ್ತು ಬಿಡುವುದಿಲ್ಲ ಅಂದುಕೊಂಡ. ಬೀದಿ ತುದಿಯಲ್ಲಿ ಇಳಿದು ಒಬ್ಬನೇ ನಡೆದುಹೋಗಿ ನೋಡಿದರೆ, ಮುನಿವೆಂಕಟಯ್ಯ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಹೊಸ ಹಸಿರು ಸೀರೆ, ಅರಿಶಿನ ಕುಂಕುಮದ ಪೊಟ್ಟಣ.

"ಎಲ್ಲಾ ಇಟ್ಕೊಂಡು ಇಂಗೆ ಕೂತಿದ್ದೀಯಲ್ಲೋ," ಅಂದ ಆವಲಪ್ಪ.

"ಫೋಟೊ ನೋಡ್ದೆ ಬಾವ. ನಗ್ತಾ ಅವ್ಳೆ ಅದ್ರಲ್ಲಿ. ನಮ್ ಚಿಕ್ಕಪ್ಪ ಹೋದಾಗ ನೀನೇ ಬಂದು ಹೇಳ್ದೆ, ದೊಡ್ಡಮ್ಮ ಹೋದಾಗ್ಲೂ ನೀನೇ ಬಂದೆ. ಇವತ್ತು ನೀನ್ ಬರ್ಲಿಲ್ಲ. ನೀನ್ ಬರೋ ತಂಕ ಅಕ್ಕ ಅವ್ಳೆ ಅಂದ್ಕೊಂಡು ಕೂತಿದ್ದೆ."

ಆವಲಪ್ಪನ ಸಿಟ್ಟೆಲ್ಲ ಇಳಿದುಹೋಯಿತು. ಹೆಂಡತಿ ಹೋದಳು ಅನ್ನುವ ಮಾತನ್ನು ಬೆಳಗ್ಗೆಯಿಂದ ಅವನು ಒಬ್ಬರಿಗೂ ಹೇಳಿರಲಿಲ್ಲ. ಬಂದವರೆಲ್ಲ ಮೊಬೈಲಿನಲ್ಲಿ ಓದಿಕೊಂಡೇ ಬಂದಿದ್ದರು. ಈಗ ಹೇಳಲು ಬಾಯಿ ತೆರೆದ, ಆಗಲಿಲ್ಲ. ನಲವತ್ತು ವರ್ಷ ಕಂಡವರ ಬಾಗಿಲಲ್ಲಿ ಆಡಿದ ಮಾತು ಅದು.

ಮುನಿವೆಂಕಟಯ್ಯ ಸೀರೆ ಹಿಡಿದು ಎದ್ದು ನಿಂತ. "ಹೇಳು ಬಾವ," ಅಂದ.

"ನಿಮ್ಮಕ್ಕ ಹೋಗ್ಬಿಟ್ಲು ಕಣಪ್ಪ," ಅಂದ ಆವಲಪ್ಪ. ಹಾಗಂದ ಮೇಲೆಯೇ ಅವನಿಗೂ ಅದು ಗೊತ್ತಾದದ್ದು. ಬಾಮೈದನ ಹೆಗಲು ಹಿಡಿದುಕೊಂಡು, ಬೀದಿಯ ಜನರೆಲ್ಲ ನೋಡುತ್ತಿದ್ದರೂ, ಬಿಕ್ಕಿ ಬಿಕ್ಕಿ ಅತ್ತ.