ಚೈಕೋವ್‌ಸ್ಕಿಗೆ ಡ್ರಮ್ ಬಾರಿಸಿದ ಫ್ರೆಡ್ಡಿ

ಫ್ರೆಡ್ಡಿಯನ್ನು ನಾನು ಮೊದಲು ನೋಡಿದ್ದು ಏಣಿಯ ಮೇಲೆ. ಸೊಂಟದಿಂದ ಮೇಲಿನ ಭಾಗ ಸಭಾಂಗಣದ ಸೂರಿನೊಳಗಿತ್ತು. ನೀಲಿ ಪ್ಯಾಂಟಿನ ಎರಡು ಕಾಲುಗಳು ಮಾತ್ರ ನಮ್ಮ ಕಡೆಗಿದ್ದವು.

ಅದು 2016ರ ಸೆಪ್ಟೆಂಬರ್. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಶಾಲೆಯ ಸಭಾಂಗಣದಲ್ಲಿ ಪ್ರತಿ ಮಂಗಳವಾರ ಸಂಜೆ ನಮ್ಮ ಹವ್ಯಾಸಿ ಆರ್ಕೆಸ್ಟ್ರಾ ಸೇರುತ್ತಿತ್ತು. ನಾನು, ಮೈಸೂರಿನ ವೇದಾವತಿ, ಎರಡನೆಯ ವಯಲಿನ್ ಸಾಲಿನಲ್ಲಿ ಕೊನೆಯವಳು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ಕಲಿಸಿದ್ದನ್ನು ಮಸ್ಕತ್ತಿಗೆ ಬಂದಮೇಲೆ ಧೂಳು ಕೊಡವಿ ಎತ್ತಿಕೊಂಡಿದ್ದೆ. ತೈಲದ ಬೆಲೆ ಕುಸಿದು ಎರಡು ವರ್ಷವಾಗಿತ್ತು. ಪ್ರತಿ ತಿಂಗಳೂ ಯಾರಾದರೊಬ್ಬರು ಕೆಲಸ ಕಳೆದುಕೊಂಡು, ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಕೈಕುಲುಕಿ ಹೊರಡುತ್ತಿದ್ದರು. ನಲವತ್ತಾರು ಮಂದಿಯ ಆರ್ಕೆಸ್ಟ್ರಾ ಇಪ್ಪತ್ತೇಳಕ್ಕೆ ಇಳಿದಿತ್ತು. ಡ್ರಮ್ ನುಡಿಸುತ್ತಿದ್ದ ಡಚ್ ಇಂಜಿನಿಯರ್ ಜೂನ್‌ನಲ್ಲೇ ಹೋಗಿಬಿಟ್ಟಿದ್ದ. ಅವನ ದೊಡ್ಡ ಡ್ರಮ್ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

ನಮ್ಮ ನಿರ್ದೇಶಕಿ ಗಲೀನಾ ರಷ್ಯದವಳು, ಮಕ್ಕಳಿಗೆ ಪಿಯಾನೋ ಪಾಠ ಹೇಳುತ್ತಿದ್ದವಳು. ಆ ವರ್ಷದ ಕಚೇರಿಯಲ್ಲಿ ಆಕೆ ತನ್ನ ನಾಡಿನ ಚೈಕೋವ್‌ಸ್ಕಿಯನ್ನು ಮಾತ್ರ ನುಡಿಸುವುದೆಂದು ಹಟ ಹಿಡಿದಿದ್ದಳು. "ಜನ ಹೆದರಿದ್ದಾರೆ. ಅವರಿಗೆ ಗೊತ್ತಿರುವ ಸಂಗೀತ ಬೇಕು" ಎನ್ನುತ್ತಿದ್ದಳು. 'ನಟ್‌ಕ್ರ್ಯಾಕರ್' ಬ್ಯಾಲೆಯ ಹೂಗಳ ವಾಲ್ಟ್ಸ್ ಮತ್ತು ರಷ್ಯನ್ ಕುಣಿತ, 'ಸ್ವಾನ್ ಲೇಕ್'ನ ಸರೋವರದ ದೃಶ್ಯ, ಫಿರಂಗಿಗಳೂ ಚರ್ಚಿನ ಗಂಟೆಗಳೂ ಮೊಳಗುವ '1812', ಕೊನೆಗೆ ಆರನೆಯ ಸಿಂಫನಿಯ ಅಂತಿಮ ಭಾಗ.

ಆ ಸಂಜೆ ಸರೋವರದ ದೃಶ್ಯದ ಮೆಲುದನಿಯ ನಡುವೆ ಎಸಿಯ ಕೊಳವೆ ಗಡಗಡ ಎನ್ನುತ್ತಿತ್ತು. ಎಸಿ ನಿಲ್ಲಿಸಿದರೆ ಬೆವರಿನಿಂದ ವಯಲಿನ್ ಜಾರುತ್ತಿತ್ತು. ಹಾಗಾಗಿ ಮೆಕ್ಯಾನಿಕ್‌ನನ್ನು ಕರೆಸಿದ್ದರು. ವಿರಾಮದಲ್ಲಿ ನಾನು ಮಗಳು ಆಶಿತಾಳೊಂದಿಗೆ ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಏಣಿಯಿಂದ ಇಳಿದ ಆ ಮನುಷ್ಯ ಎದುರಿಗೆ ನಿಂತಿದ್ದ. ನಲವತ್ತೆರಡರ ಪ್ರಾಯ, ದಪ್ಪ ಮೀಸೆ, ಕೈಯಲ್ಲಿ ಸ್ಪ್ಯಾನರ್.

"ಅಕ್ಕ, ನೀವು ಕನ್ನಡದವ್ರಾ? ಒಂದು ಮಾತು ಹೇಳಿದ್ರೆ ಬೇಜಾರಿಲ್ಲ ಅಲ್ವಾ?"

"ಹೇಳಿ."

"ಆ ದೊಡ್ಡ ಡ್ರಮ್ ಉಂಟಲ್ಲ, ಅದರ ಚರ್ಮ ಪೂರಾ ಸಡಿಲ ಆಗಿದೆ. ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನಾನೊಮ್ಮೆ ಬಿಗಿ ಮಾಡ್ಬಹುದಾ?"

ನಾನು ಗಲೀನಾಳನ್ನು ಕೇಳಿದೆ. ಅವಳು ಭುಜ ಕುಣಿಸಿದಳು. ಅವನು ಬಟ್ಟೆ ತೆಗೆದು, ಡ್ರಮ್ಮಿನ ಸುತ್ತ ಒಂದೊಂದೇ ತಿರುಪನ್ನು ಕಾಲು ಸುತ್ತು ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಯಿಟ್ಟು, ಮತ್ತೆ ತಿರುಗಿಸಿದ. ಮದುವೆಯ ಸೀರೆಯ ನೆರಿಗೆ ಸರಿಪಡಿಸುವವರ ತಾಳ್ಮೆ ಅದು. ನಂತರ ಕೋಲು ಎತ್ತಿ ಒಂದು ಪೆಟ್ಟು ಕೊಟ್ಟ.

ಸಭಾಂಗಣವೇ ಬೆಚ್ಚಿತು. ಕೊಳಲಿನ ಹುಡುಗಿಯ ನೊಟೇಶನ್ ಸ್ಟ್ಯಾಂಡ್ ಉರುಳಿ ಹಾಳೆಗಳು ಹರಡಿದವು. ಎಲ್ಲರೂ ಗೊಳ್ಳೆಂದು ನಕ್ಕೆವು. ಎಷ್ಟೋ ತಿಂಗಳಿನಿಂದ ಆ ಕೋಣೆಯಲ್ಲಿ ಅಂಥ ನಗು ಕೇಳಿರಲಿಲ್ಲ. ಗಲೀನಾ ಮಾತ್ರ ನಗದೆ ಅವನನ್ನೇ ನೋಡುತ್ತಿದ್ದಳು. "ಖಲಾಸ್, ತೀರ್ಮಾನವಾಯಿತು" ಎಂದಳು. "ಇವನು ಬರುವ ಮಂಗಳವಾರ ಬರುತ್ತಾನೆ."

ಅವನ ಕತೆ ನನಗೆ ತಿಳಿದದ್ದು ಆಮೇಲಿನ ಮಂಗಳವಾರಗಳಲ್ಲಿ, ಚಹಾದ ಹೊತ್ತಿಗೆ. ಊರು ಮಂಗಳೂರಿನ ಬಳಿಯ ಕಿನ್ನಿಗೋಳಿ. ಅವನ ಅಪ್ಪನದು ಬ್ಯಾಂಡ್‌ಸೆಟ್. ಕೊಂಕಣಿ ಕ್ರೈಸ್ತರ ಮದುವೆ, ಚರ್ಚಿನ ಹಬ್ಬ, ಸಾವಿನ ಮೆರವಣಿಗೆ, ಎಲ್ಲಕ್ಕೂ ಅವರೇ. ಟ್ರಂಪೆಟ್ ಅಣ್ಣನಿಗೆ, ಕ್ಲಾರಿನೆಟ್ ಚಿಕ್ಕಪ್ಪನಿಗೆ ಹೋದಮೇಲೆ ಹದಿನಾಲ್ಕರ ಫ್ರೆಡ್ಡಿಯ ಎದೆಗೆ ಬಂದದ್ದು ದೊಡ್ಡ ಡ್ರಮ್. ಹತ್ತು ವರ್ಷ ಅದನ್ನು ಹೊತ್ತು ನಡೆದ. ಜತೆಗೆ ಎಸಿ ರಿಪೇರಿ ಕಲಿತ. 1998ರಲ್ಲಿ ಮಸ್ಕತ್ತಿಗೆ ಬಂದ. ಹೆಂಡತಿ ಸೆವ್ರಿನಾ ಮತ್ತು ಮಗಳು ಊರಿನಲ್ಲೇ. ಇವನು ದಾರ್ಸೈಟಿನಲ್ಲಿ ಮೂವರೊಂದಿಗೆ ಒಂದು ಕೋಣೆಯಲ್ಲಿ.

"ನಮ್ಮ ಕಂಪೆನಿಯಲ್ಲಿ ನಲವತ್ತು ಜನ ಇದ್ದೆವು ಅಕ್ಕ. ಈಗ ಹನ್ನೊಂದು. ಆಫೀಸುಗಳು ಬಾಗಿಲು ಹಾಕಿದ ಮೇಲೆ ಯಾರ ಎಸಿ ನೋಡುದು? ಪ್ರತಿ ತಿಂಗಳು ಹೇಳ್ತಾರೆ, ಸ್ವಲ್ಪ ಕಾಯಿರಿ ಅಂತ. ಕಾಯ್ತಾ ಇದ್ದೇನೆ."

ನನ್ನ ಮನೆಯಲ್ಲೂ ಅದೇ ಕಾಯುವಿಕೆಯಿತ್ತು. ಗಂಡ ಶ್ಯಾಮಸುಂದರ ಬೌಷರಿನ ಆಫೀಸಿಗೆ ಪ್ರತಿ ಬೆಳಿಗ್ಗೆ ಹೋಗುವಾಗ ಸಂಜೆಯ ಸುದ್ದಿ ಏನಿರುತ್ತದೋ ಎಂದು ನಾವಿಬ್ಬರೂ ಯೋಚಿಸುತ್ತಿದ್ದೆವು, ಮಾತಾಡುತ್ತಿರಲಿಲ್ಲ.

ಫ್ರೆಡ್ಡಿಗೆ ನೊಟೇಶನ್ ಓದಲು ಬರುತ್ತಿರಲಿಲ್ಲ. ಅವನಿಗೆ ಬ್ಯಾಂಡ್ ಎಂದರೆ ಬಿಡದೆ ಬಾರಿಸುವುದು. ಇಲ್ಲಿ ಮುಕ್ಕಾಲು ಪಾಲು ಸುಮ್ಮನಿರಬೇಕು, ಅದೂ ಎಣಿಸುತ್ತಾ. ನಾನು ಅವನ ಹಾಳೆಯ ಮೇಲೆ ತಾಳದ ಒಂದೊಂದು ಸುತ್ತನ್ನು ಒಂದೊಂದು ಬಾರ್ ಎಂದು ಲೆಕ್ಕಹಾಕಿ ಕನ್ನಡ ಅಂಕಿಗಳಲ್ಲಿ ಬರೆದುಕೊಟ್ಟೆ: ಇಷ್ಟು ಬಾರ್ ಸುಮ್ಮನೆ, ಇಲ್ಲಿ ಎರಡು ಪೆಟ್ಟು. ಮೊದಲ ವಾರ ಎಲ್ಲ ತಪ್ಪಿದ. ರಷ್ಯನ್ ಕುಣಿತದಲ್ಲಿ ಖಂಜರಿ ಹಿಡಿದವನು ಕುಣಿತ ಮುಗಿದಮೇಲೂ ಎರಡು ಬಾರಿ ಬಡಿದ. "ಸಾರಿ ಮೇಡಂ, ಕೈ ನಿಲ್ಲುದಿಲ್ಲ" ಎಂದ. ಸರೋವರದ ದೃಶ್ಯಕ್ಕೆ ಅವನಿಗೆ ಕೆಲಸವೇ ಇರಲಿಲ್ಲ. ಆದರೂ ಎದ್ದು ಹೋಗುತ್ತಿರಲಿಲ್ಲ. ಓಬೋ ಎಂಬ ಊದುವ ವಾದ್ಯ ಆ ಪ್ರಸಿದ್ಧ ರಾಗವನ್ನು ಎತ್ತಿಕೊಂಡಾಗ, ಮೊಣಕಾಲ ಮೇಲೆ ಕೈಯಿಟ್ಟು, ಪೂಜೆಯ ಹೊತ್ತಿನಲ್ಲಿ ಕೂತವರಂತೆ ಕೂತಿರುತ್ತಿದ್ದ.

"ಇದು ಎಂತದು ಅಕ್ಕ? ಯಾರ ಕತೆ?"

"ಶಾಪ ತಗುಲಿ ಹಂಸವಾದ ಹುಡುಗಿಯದು."

"ಹಾಗಾದ್ರೆ ಸರಿ," ಎಂದ. "ಕೇಳುವಾಗಲೇ ಗೊತ್ತಾಗ್ತದೆ, ಏನೋ ಆಗಿದೆ ಪಾಪ ಅವಳಿಗೆ."

'1812'ರ ಗಂಟೆಗಳೇ ನಮಗೆ ತಲೆನೋವಾಗಿದ್ದವು. ನೆಪೋಲಿಯನ್ನನ ಸೈನ್ಯ ಸೋತು ಹಿಂದಿರುಗಿದ ಸಂಭ್ರಮಕ್ಕೆ ರಷ್ಯದ ಚರ್ಚುಗಳ ಗಂಟೆಗಳೆಲ್ಲ ಒಟ್ಟಿಗೆ ಮೊಳಗಬೇಕು. ಫಿರಂಗಿಯ ಬದಲು ಫ್ರೆಡ್ಡಿಯ ಡ್ರಮ್ ಸಾಕು ಎಂದು ಎಲ್ಲರೂ ಒಪ್ಪಿದ್ದರು. ಗಂಟೆಗೆ ಏನು ಮಾಡುವುದು? ಕೀಬೋರ್ಡಿನ ಗಂಟೆ ಮೊಬೈಲ್ ರಿಂಗಿನಂತೆ ಕೇಳುತ್ತಿತ್ತು. ಗಲೀನಾ ಆ ಭಾಗವನ್ನೇ ಬಿಟ್ಟುಬಿಡೋಣ ಎಂದಳು.

ಮುಂದಿನ ಮಂಗಳವಾರ ಫ್ರೆಡ್ಡಿ ಕಂಪೆನಿಯ ವ್ಯಾನಿನಿಂದ ಒಂದು ಹೊರೆ ತಾಮ್ರದ ಪೈಪುಗಳನ್ನು ಇಳಿಸಿದ. ಹಳೆಯ ಎಸಿಗಳಿಂದ ಬಿಚ್ಚಿದವು. ಮೇಲಧಿಕಾರಿಯನ್ನು ಕೇಳಿಯೇ ತಂದಿದ್ದ. ಬಟ್ಟೆ ಒಣಗಿಸುವ ಕಬ್ಬಿಣದ ಚೌಕಟ್ಟಿಗೆ ಮೀನಿನ ಗಾಳದ ದಾರದಿಂದ ಒಂದೊಂದನ್ನೇ ತೂಗುಹಾಕಿದ. ನಾನು ವಯಲಿನ್ನಿನಲ್ಲಿ ಸ್ವರ ಕೊಡುವುದು, ಅವನು ಪೈಪಿನ ತುದಿಯನ್ನು ಅರೆಬೆರಳಷ್ಟು ಕತ್ತರಿಸಿ ಬಡಿದು ನೋಡುವುದು. "ಇನ್ನೂ ಸ್ವಲ್ಪ ಮೇಲೆ... ಇನ್ನೊಂದು ಚೂರು... ಸಾಕು ಸಾಕು!" ಎರಡು ಗಂಟೆ ಹಿಡಿಯಿತು. ಎಂಟೂ ಪೈಪುಗಳನ್ನು ಅವನು ಮರದ ಸುತ್ತಿಗೆಯಿಂದ ಒಟ್ಟಿಗೆ ಬಾರಿಸಿದಾಗ ಗಲೀನಾ ಹಣೆಗೆ ಕೈಯಿಟ್ಟುಕೊಂಡು ಕುಳಿತಳು. ಅಳುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಅವಳ ಅಜ್ಜಿಯ ಊರಿನ ಚರ್ಚಿನಲ್ಲಿ ಅಂಥ ಗಂಟೆಗಳಿದ್ದವಂತೆ.

ನವೆಂಬರ್ ಮೂರನೆಯ ವಾರ ಫ್ರೆಡ್ಡಿಗೆ ಪತ್ರ ಬಂತು. ತಿಂಗಳ ಕೊನೆಗೆ ಕೆಲಸ ಮುಕ್ತಾಯ, ಡಿಸೆಂಬರ್ ಮೂರಕ್ಕೆ ಊರಿಗೆ ವಿಮಾನ. ನಮ್ಮ ಸಂಗೀತ ಕಚೇರಿ ಇದ್ದದ್ದು ಎಂಟನೆಯ ತಾರೀಕು, ಗುರುವಾರ. ಅವನು ನನಗೆ ಇದನ್ನು ಹೇಳಿದ್ದು ಡ್ರಮ್ಮಿಗೆ ಬಟ್ಟೆ ಹೊದಿಸುತ್ತಾ.

"ಬೇಜಾರು ಮಾಡ್ಬೇಡಿ ಅಕ್ಕ. ಹದಿನೆಂಟು ವರ್ಷ ಈ ದೇಶ ನನಗೆ ಅನ್ನ ಕೊಟ್ಟಿತು. ಮಗಳು ನರ್ಸಿಂಗ್ ಓದ್ತಾಳೆ ಅಂದ್ರೆ ಇಲ್ಲಿಯ ಋಣದಿಂದ. ಅದಕ್ಕೆ ನಾನು ಅಳುದಿಲ್ಲ. ಆದರೆ ಐದು ದಿವಸ... ಐದೇ ದಿವಸಕ್ಕೆ ಆ ಗಂಟೆ ಬಾರಿಸ್ಲಿಕ್ಕೆ ಆಗ್ಲಿಲ್ಲ ಅಂದ್ರೆ ಮನಸ್ಸು ಕೇಳುದಿಲ್ಲ."

ವೀಸಾ, ಟಿಕೆಟ್ಟುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕಂಪೆನಿಯ ಖಲ್ಫಾನ್, ಒಮಾನಿನವನೇ, ಸ್ವಚ್ಛ ಹಿಂದಿ ಮಾತಾಡುವ ಹಿರಿಯ. ಮರುದಿನ ಫ್ರೆಡ್ಡಿ ಅವನೆದುರು ನಿಂತು, ಕೆಲಸ ಮುಂದುವರಿಸಿ ಎಂದು ಕೇಳಲಿಲ್ಲ. ಟಿಕೆಟ್ಟನ್ನು ಒಂಬತ್ತಕ್ಕೆ ಹಾಕಿ ಎಂದಷ್ಟೇ ಕೇಳಿದ. ಏಕೆಂದು ಕೇಳಿದ್ದಕ್ಕೆ ಡ್ರಮ್ ಬಾರಿಸಲಿಕ್ಕಿದೆ ಎಂದ. ಖಲ್ಫಾನ್ ಕನ್ನಡಕ ತೆಗೆದು ನೋಡಿದನಂತೆ.

"ಈ ವರ್ಷ ನನ್ನ ಮೇಜಿನ ಮುಂದೆ ನಿಂತವರೆಲ್ಲ ಅತ್ತಿದ್ದಾರೆ, ಇಲ್ಲ ಬೈದಿದ್ದಾರೆ. ಡ್ರಮ್ ಬಾರಿಸಬೇಕು ಅಂದವನು ನೀನೊಬ್ಬನೇ. ಯಲ್ಲಾ, ಹೋಗು. ನಾನು ನೋಡಿಕೊಳ್ಳುತ್ತೇನೆ."

ಟಿಕೆಟ್ ಒಂಬತ್ತಕ್ಕೆ ಬದಲಾಯಿತು.

ಉಳಿದ ಎರಡು ವಾರ ಫ್ರೆಡ್ಡಿಯನ್ನು ಕಾಡಿದ್ದು ಆರನೆಯ ಸಿಂಫನಿ. ಅದರ ಕೊನೆಯ ಭಾಗದಲ್ಲಿ ಒಂದು ದೊಡ್ಡ ಕಂಚಿನ ತಟ್ಟೆಗೆ ಕೆಲಸವಿದೆ, ನಮ್ಮ ಕಡೆಯ ಜಾಗಟೆಯ ಹಾಗಿನದು, ಅದಕ್ಕಿಂತ ಬಹಳ ದೊಡ್ಡದು. ಅದನ್ನು ರೂವಿಯ ಒಂದು ಚೀನೀ ಹೋಟೆಲಿನಿಂದ ಎರವಲು ತಂದಿದ್ದೆವು. ನೂರಮೂವತ್ತಕ್ಕೂ ಹೆಚ್ಚು ಬಾರ್ ಎಣಿಸುತ್ತಾ ಕಾದು, ಒಂದೇ ಒಂದು ಪೆಟ್ಟು. ಅದೂ ಮೆತ್ತಗೆ, ಕೇಳಿತೋ ಇಲ್ಲವೋ ಎನ್ನುವಷ್ಟು.

"ಒಂದೇ?" ಫ್ರೆಡ್ಡಿ ನಂಬಲಿಲ್ಲ.

"ಒಂದೇ. ಚೈಕೋವ್‌ಸ್ಕಿ ಬರೆದ ಕೊನೆಯ ಸಿಂಫನಿ ಇದು. ಮೊದಲ ಸಲ ತಾನೇ ನಡೆಸಿಕೊಟ್ಟು, ಒಂಬತ್ತು ದಿನಕ್ಕೆ ತೀರಿಕೊಂಡ."

ಅವನು ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ಹೇಳಿದ: "ನನ್ನ ಅಪ್ಪ ಸತ್ತಾಗ ನಾನು ಇಲ್ಲಿದ್ದೆ. ರಜೆ ಸಿಕ್ಕುವಾಗ ಮಣ್ಣು ಆಗಿತ್ತು. ಬ್ಯಾಂಡಿನವರು ಡ್ರಮ್ಮಿಗೆ ಕಪ್ಪು ಬಟ್ಟೆ ಕಟ್ಟಿ ಮೆಲ್ಲ ಬಾರಿಸ್ತಾರೆ ಅಕ್ಕ, ಹಾಗೆ ಸಾವಿಗೆ. ಅದನ್ನು ಬೇರೆ ಯಾರೋ ಬಾರಿಸಿದ್ರು."

ಅವನು ಕೋಲಿನ ತುದಿಗೆ ಉಣ್ಣೆಯ ಹಳೆಯ ಕಾಲುಚೀಲ ಸುತ್ತಿ ಅಭ್ಯಾಸಕ್ಕೆ ತೊಡಗಿದ. ಜೋರು ಬಾರಿಸುವುದು ಅವನಿಗೆ ಉಸಿರಾಟದಂತೆ. ಮೆತ್ತಗೆ ಬಾರಿಸುವುದಕ್ಕೆ ಬೆವರು ಸುರಿಸಬೇಕಾಯಿತು.

ಎಂಟನೆಯ ತಾರೀಕು ಸಂಜೆ ಸಭಾಂಗಣ ತುಂಬಿತ್ತು. ಕೆಲಸ ಉಳಿದವರು, ಹೋದವರು, ಹೋಗಲಿರುವವರು. ಮೂರನೆಯ ಸಾಲಿನಲ್ಲಿ ಬಿಳಿಯ ನಿಲುವಂಗಿ ದಿಶ್ದಾಶಾ ತೊಟ್ಟು ಖಲ್ಫಾನ್ ಕುಳಿತಿದ್ದ, ಜತೆಗೆ ಹೆಂಡತಿ. ಫ್ರೆಡ್ಡಿಯ ಕೋಣೆಯ ಮೂವರು ಗೆಳೆಯರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೊನೆಯ ಸಾಲಿನಲ್ಲಿ ನಿಂತೇ ಇದ್ದರು. ಫ್ರೆಡ್ಡಿ ನನ್ನ ಗಂಡನ ಕಪ್ಪು ಕೋಟು ಹಾಕಿಕೊಂಡಿದ್ದ. ತೋಳು ಸ್ವಲ್ಪ ಉದ್ದವಾಗಿತ್ತು.

ಹೂಗಳ ವಾಲ್ಟ್ಸ್‌ಗೆ ಜನ ತಲೆದೂಗಿದರು. ಖಂಜರಿ ಸರಿಯಾದ ಜಾಗದಲ್ಲಿ ನಿಂತಿತು. '1812'ರ ಕೊನೆಯಲ್ಲಿ ಡ್ರಮ್ಮಿನ ಫಿರಂಗಿ ಸಿಡಿದು, ತಾಮ್ರದ ಪೈಪುಗಳು ಮೊಳಗಿದಾಗ ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತರು. ಅವನು ಒಂದು ಕೈಯಲ್ಲಿ ಡ್ರಮ್, ಇನ್ನೊಂದು ಕೈಯಲ್ಲಿ ಗಂಟೆ ಎಂದು ಓಡಾಡುತ್ತಿದ್ದ.

ಗಲೀನಾ ಚಪ್ಪಾಳೆ ಇಳಿಯುವ ತನಕ ಕಾದು ಕೊನೆಯದನ್ನು ಎತ್ತಿಕೊಂಡಳು. ಅದು ದುಃಖದ ಸಂಗೀತ. ಮೇಲೇರಲು ನೋಡಿ, ಆಗದೆ, ಮತ್ತೆ ಇಳಿಯುತ್ತದೆ. ನನಗೆ ಕಮಾನಿನ ಮೇಲೆ ಗಮನವಿರಬೇಕಿತ್ತು, ಆದರೆ ಕಿವಿ ಹಿಂದಿತ್ತು. ಫ್ರೆಡ್ಡಿ ತುಟಿ ಅಲುಗಿಸುತ್ತಾ ಎಣಿಸುತ್ತಿದ್ದುದು ನನಗೆ ಗೊತ್ತಿತ್ತು. ನಾವೆಲ್ಲ ದನಿ ತಗ್ಗಿಸಿದೆವು. ಆಗ ಆ ಪೆಟ್ಟು ಬಂತು. ಶಬ್ದ ಬಂತು ಎನ್ನುವುದಕ್ಕಿಂತ ಕೋಣೆಯ ಗಾಳಿ ಬದಲಾಯಿತು ಎಂದರೆ ಸರಿ. ಅದರ ಹಿಂದೆಯೇ ಟ್ರಂಬೋನ್ ಮೆಲ್ಲನೆ ಉಸುರಿತು. ಗಲೀನಾ ಎಡಗೈಯನ್ನು ಎದೆಗಿಟ್ಟು ಅವನತ್ತ ಒಂದು ಸಲ ತಲೆಬಾಗಿದಳು.

ಹೊರಗೆ ಖಲ್ಫಾನ್ ಅವನ ಭುಜ ಹಿಡಿದು, "ಅಷ್ಟು ಹೊತ್ತು ಕೂತು ಒಂದೇ ಪೆಟ್ಟು ಕೊಟ್ಟೆಯಲ್ಲ, ಅದು ಚೆನ್ನಾಗಿತ್ತು" ಎಂದ. ಮರುದಿನ ಅವನೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದನಂತೆ, ಕೈಯಲ್ಲಿ ಒಂದು ಡಬ್ಬಿ ಹಲ್ವಾ ಕೊಟ್ಟು.

ನಮ್ಮ ಮನೆಯ ಕಾಯುವಿಕೆ ಒಳ್ಳೆಯ ರೀತಿಯಲ್ಲಿ ಮುಗಿಯಿತು. ಶ್ಯಾಮಸುಂದರರ ಕೆಲಸ ಉಳಿಯಿತು. ಆದರೆ ಆ ವರ್ಷವನ್ನು ನೆನೆದಾಗ ನನಗೆ ಭಯ ನೆನಪಾಗುವುದಿಲ್ಲ, ಮಂಗಳವಾರಗಳು ನೆನಪಾಗುತ್ತವೆ. ಅದಕ್ಕೆ ನಾನು ಫ್ರೆಡ್ಡಿಗೆ ಋಣಿ.

ಅವನು ಈಗ ಮೂಲ್ಕಿಯಲ್ಲಿ ಎಸಿ ಮತ್ತು ಮೀನಿನ ಶೀತಲ ಕೋಣೆಗಳ ರಿಪೇರಿ ಮಾಡುತ್ತಾನೆ. ಸೆವ್ರಿನಾ ಅಂಗಡಿಯ ಫೋನು ನೋಡಿಕೊಳ್ಳುತ್ತಾಳೆ. ಸಾಮಾನು ತುಂಬಿದ ವ್ಯಾನಿನಲ್ಲಿ ಚೈಕೋವ್‌ಸ್ಕಿಯನ್ನು ಒಂದೊಂದಾಗಿ ಕೇಳುತ್ತಾನಂತೆ, ಹೊಸತು ಸಿಕ್ಕಿದಾಗ ನನಗೆ ಫೋನ್ ಮಾಡುತ್ತಾನೆ. ಕಳೆದ ವಾರ ನಾಲ್ಕನೆಯ ಸಿಂಫನಿ ಸಿಕ್ಕಿತ್ತು.

"ವೇದಕ್ಕ, ಅದರ ಲಾಸ್ಟ್ ಭಾಗ ಕೇಳಿದ್ದೀರಾ? ತಾಳ ಏನು, ದೊಡ್ಡ ಡ್ರಮ್ ಏನು! ನಮ್ಮ ಕಡೆಯ ಮದುವೆಯೇ ಉಂಟು ಅದರಲ್ಲಿ. ಗಾಡಿ ಬದಿಗೆ ನಿಲ್ಸಿ ಪೂರಾ ಕೇಳಿದೆ. ಐಸ್ ಫ್ಯಾಕ್ಟರಿಯವರು ನಾಲ್ಕು ಸಲ ಫೋನ್ ಮಾಡಿದ್ರು, ಬೈಯಲಿ ಅಂತ ಬಿಟ್ಟೆ."